ಕೂಸಿನ ಲಂಗೋಟಿ ಮನ್ಯಾಗ ಒಗೀಬೇಕೋ, ಲಾಂಡ್ರಿಗೆ ಕೊಡಬೇಕೋ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಹುಬ್ಬಳ್ಳಿ ಗೋಕುಲ ರೋಡ್ ಕಡೆ ಇರ್ತೀವಿ. ನಂದು ಬ್ಯಾಂಕಿನಾಗ ಕೆಲಸ, ಕೂಸಿಗೆ ಈಗ ಮೂರು ತಿಂಗಳು, ಮುಂದಿನ ತಿಂಗಳು ಡ್ಯೂಟಿಗೆ ಹೋಗಬೇಕು. ಅತ್ತಿಯವರು ಟ್ರಂಕಿನಾಗಿನ ಹಳೆ ಧೋತರ ಹರದು 24 ಲಂಗೋಟಿ ಮಾಡ್ಯಾರ, ನಾವು ಆನ್‌ಲೈನ್‌ನಾಗ 8 ಪಾಕೆಟ್ ಡೈಪರ್ (ಒಳಗ ಹೀರೂ ಪಟ್ಟಿ ಹಾಕೂ ಬಟ್ಟಿ ಡೈಪರ್) ತರಿಸೀವಿ. ಒಗಿಯೋರು ಅತ್ತಿಯವರ, ಅವರಿಗೆ ಮೊಣಕಾಲು ನೋವು. ನಮ್ಮ ಕಡೆ ನಳ ಐದು ದಿನಕ್ಕೊಮ್ಮೆ ಬರ್ತೈತಿ, ಉಳಿದಿದ್ದಕ್ಕೆಲ್ಲ ಬೋರಿನ ನೀರು. ಹತ್ರದಾಗ ಒಂದು ಲಾಂಡ್ರಿ ಐತಿ, ಕಿಲೋಗೆ 90 ರೂಪಾಯಿ, ವಾರಕ್ಕ ಎರಡು ಸಲ ಬಂದು ಒಯ್ತಾರ, ಎರಡು ದಿನಕ್ಕ ವಾಪಸ್ ಕೊಡ್ತಾರ. ಅವರದು ಬಿಸಿನೀರಿನ ದೊಡ್ಡ ಮಷಿನ್, ಇನ್ನೂ ಸ್ವಚ್ಛ ಆಗ್ತೈತಿ, ನೀರೂ ಉಳಿತೈತಿ ಅಂತಾರ ನಮ್ಮ ಮನಿಯವರು. ಅತ್ತಿಯವರಿಗೆ ಕೂಸಿನ ಅರಬಿ ಹೊರಗ ಕಳಸೂದು ಮನಸ್ಸಿಗೆ ಬರವಲ್ದು. ಎರಡು ವಾರದಿಂದ ಕೂಸಿನ ಕುಂಡಿ ಕೆಂಪಗಾಗೇತಿ. ಏನು ಮಾಡೂಣ ಹೇಳ್ರಿ.

ಉತ್ತರ: ತಂಗಿ, ನಾನು 26 ವರ್ಷ ಎಳೆ ಕೂಸುಗಳ ವಾರ್ಡಿನಾಗ ಸಿಸ್ಟರ್ ಆಗಿ ಕೆಲಸ ಮಾಡಿ ಈಗ ಧಾರವಾಡದಾಗ ಮನ್ಯಾಗ ಅದೀನಿ, ಹಂಗಾಗಿ ಲಂಗೋಟಿ ವಿಷಯ ಅಂದ್ರ ನನಗ ಸಣ್ಣ ವಿಷಯ ಅನ್ಸೂದಿಲ್ಲ. ಮೊದಲ ನೇರ ಉತ್ತರ ಹೇಳಿಬಿಡ್ತೀನಿ, ಆಮ್ಯಾಲ ಯಾಕ ಅಂತ ಬಿಡಿಸಿ ಹೇಳ್ತೀನಿ. ಲಂಗೋಟಿ ಮನ್ಯಾಗ ಒಗೀರಿ. ಲಾಂಡ್ರಿಗೆ ನಿಮ್ಮ ಚಾದರ, ಟಾವೆಲ್, ನಿಮ್ಮ ಮನಿಯವರ ಜೀನ್ಸ್ ಪ್ಯಾಂಟು ಕೊಡ್ರಿ. ಮತ್ತ ಲಂಗೋಟಿ ಒಗಿಯೂ ಕೆಲಸ ಅತ್ತಿಯವರ ಕೈಯಿಂದ ತಗೀರಿ.

ರೊಕ್ಕದ ಲೆಕ್ಕ ನೋಡ್ರಿ. ಮೂರು ತಿಂಗಳ ಕೂಸಿಗೆ ದಿನಕ್ಕ ಹತ್ತು ಸಲ ಲಂಗೋಟಿ ಬದಲಿ ಮಾಡ್ತೀರಿ ಅಂತ ಹಿಡಿಯೂಣ. ಧೋತರದ್ದು ಒಂದೊಂದು 50 ಗ್ರಾಂ ತೂಗಿದ್ರ ದಿನಕ್ಕ ಅರ್ಧ ಕಿಲೋ, ತಿಂಗಳಿಗೆ 15 ಕಿಲೋ, ನಿಮ್ಮ ಲಾಂಡ್ರಿ ರೇಟಿನಾಗ 1350 ರೂಪಾಯಿ. ಪಾಕೆಟ್ ಡೈಪರ್ ಭಾರ ಜಾಸ್ತಿ, ಅವನ್ನೂ ಹಾಕಿದ್ರ ಇನ್ನೂ ಏರತೈತಿ. ಅದ 1350 ರೂಪಾಯಿಗೆ ಅದ 15 ಕಿಲೋ ಚಾದರ ಟಾವೆಲ್ ಜೀನ್ಸ್ ಒಗಸ್ಕೊಂಡ್ರ ನಿಮ್ಮ ಮನ್ಯಾಗ ಎಷ್ಟು ನೀರು, ಎಷ್ಟು ರಟ್ಟಿ ನೋವು ಉಳಿತೈತಿ ವಿಚಾರ ಮಾಡ್ರಿ. ಒಂದು ಡಬಲ್ ಚಾದರ ತೊಯಿಸಿ ಜಾಲಿಸಾಕ ಹೋಗೂ ನೀರಾಗ ಅರ್ಧ ದಿನದ ಲಂಗೋಟಿ ಒಗೀಬಹುದು. ಹಿಂಡೂ ಕಷ್ಟ ಅಂತೂ ಕೇಳಬ್ಯಾಡ್ರಿ, ಲಂಗೋಟಿ ಎರಡು ಕೈಯಾಗ ಹಿಂಡಬಹುದು, ಚಾದರಕ್ಕ ಇಬ್ಬರು ಬೇಕು.

ಇನ್ನ ದಿನದ ಲೆಕ್ಕ. ವಾರಕ್ಕ ಎರಡು ಸಲ ಒಯ್ತಾರ ಅಂದ್ರ ಮೂರು ದಿನ, ಒಮ್ಮೊಮ್ಮೆ ನಾಲ್ಕು ದಿನದ್ದು ಮನ್ಯಾಗ ಕೂಡಿಡಬೇಕು, ಅಂದ್ರ 40. ಅವು ಲಾಂಡ್ರ್ಯಾಗ ಎರಡು ದಿನ ಇರ್ತಾವು, ಆ ಎರಡು ದಿನಕ್ಕ ಮತ್ತ 20 ಬೇಕು. ಒಟ್ಟು 60. ನಿಮ್ಮಲ್ಲಿ ಎಲ್ಲಾ ಕೂಡಿ 32 ಅದಾವು. ಒಂದು ದಿನ ಲಾಂಡ್ರಿ ಹುಡುಗ ಬರಲಿಲ್ಲ ಅಂದ್ರ, ಹಬ್ಬ ಬಂತು ಅಂದ್ರ, ಕರೆಂಟ್ ಹೋತು ಅಂದ್ರ ಕೂಸಿಗೆ ಹಾಕಾಕ ಅರಬಿ ಇಲ್ಲ.

ಆದ್ರ ಇದಕ್ಕಿಂತ ದೊಡ್ಡ ಮಾತು ಆ ನಾಲ್ಕು ದಿನ ಕೂಡಿಟ್ಟ ಅರಬಿದು. ಕೂಸಿನ ಹೊಸ ಉಚ್ಚಿಗೆ ಘಾಟು ವಾಸನಿ ಇರೂದಿಲ್ಲ, ನೀವೂ ನೋಡಿರಬೇಕು. ಅದರಾಗಿನ ಯೂರಿಯಾ ಬ್ಯಾಕ್ಟೀರಿಯಾ ಕೈಗೆ ಸಿಕ್ಕು ಒಡದು ಅಮೋನಿಯಾ ಆಗ್ತೈತಿ, ಮುಚ್ಚಿದ ಬಕೀಟಿನ ಮುಚ್ಚಳ ತಗದ್ರ ಮೂಗಿಗೆ ಬಡಿತೈತಲ್ಲ ಅದು. ಎರಡನೇ ದಿನಕ್ಕ ಆ ವಾಸನಿ ನೂಲಿನೊಳಗ ಹೊಕ್ಕು ಕುಂತ್ರ ಒಂದು ಸಲ ಒಗದ್ರ ಹೋಗೂದಿಲ್ಲ. ಕೂಸಿನ ಮೈಮ್ಯಾಲೂ ಇದ ನಡೀತೈತಿ. ಉಚ್ಚಿ ಮತ್ತ ಸಂಡಾಸ ಎರಡೂ ಕೂಡಿ ಭಾಳ ಹೊತ್ತು ಚರ್ಮಕ್ಕ ಹತ್ತಿಕೊಂಡಿದ್ರ ಅಮೋನಿಯಾದಿಂದ ಚರ್ಮದ ಹುಳಿಗುಣ ಹೋಗ್ತೈತಿ, ಆವಾಗ ಸಂಡಾಸದಾಗಿನ ಪ್ರೋಟೀನು ಕೊಬ್ಬು ಕರಗಸೂ ಎಂಜೈಮ್‌ಗಳು ಎದ್ದು ಕೂಸಿನ ಎಳೆ ಚರ್ಮಾನ ತಿನ್ನಾಕ ಹತ್ತತಾವು. ರ‍್ಯಾಶ್ ಅಂದ್ರ ಬಹಳ ಸಲ ಇಷ್ಟ. ಹಂಗಾಗಿ ನಾನು ತಾಯಂದ್ರಿಗೆ ಹೇಳೂದು, ಲಂಗೋಟಿ ಸ್ವಚ್ಛ ಆಗೂದು ಮೊದಲಿನ ಹತ್ತು ನಿಮಿಷದಾಗ ಮತ್ತ ಕಡೀ ಜಾಲಿಸೂ ನೀರಾಗ, ನಡುವಿನ ಒಗ್ಯಾಣ ಯಾರು ಮಾಡಿದ್ರೂ ನಡೀತೈತಿ. ಮೊದಲಿನ ಹತ್ತು ನಿಮಿಷ ಯಾವ ಲಾಂಡ್ರಿಯವರೂ ನಿಮ್ಮ ಮನಿಗೆ ಬಂದು ಮಾಡಿ ಕೊಡೂದಿಲ್ಲ. ಲಾಂಡ್ರಿಗೆ ಕೊಟ್ರೂ ಸಂಡಾಸ ತೊಳದು, ಹಿಂಡಿ, ಅರೆ ಒಣಗಿಸಿಯೇ ಕೊಡಬೇಕು, ಅವರೂ ಮನುಷ್ಯಾರು, ಸಂಡಾಸದ ಅರಬಿ ಗಂಟು ಕಟ್ಟಿ ಅವರ ಕೈಗೆ ಕೊಡೂದು ತಪ್ಪು. ಅಷ್ಟೆಲ್ಲ ಮಾಡಿದ ಮ್ಯಾಲ ಉಳಿಯೂದು ಕಾಲು ಭಾಗ ಕೆಲಸ, ಅದಕ್ಕ ಕಿಲೋಗೆ 90 ಯಾಕ ಕೊಡಬೇಕ್ರಿ?

ಈಗ ನಿಮ್ಮ ಮನಿಯವರ ಮಾತಿಗೆ ಬರ್ತೀನಿ, ಅವರು ಹೇಳಿದ್ರಾಗ ಖರೇನೂ ಐತಿ. ಬಿಸಿನೀರು ಬೇಕು ಅನ್ನೂದು ಖರೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯವರು ಬಟ್ಟಿ ಡೈಪರ್ 60 ಡಿಗ್ರ್ಯಾಗ ಒಗೀರಿ ಅಂತ ಹೇಳ್ತಾರ. ಆದ್ರ 60 ಡಿಗ್ರಿ ನೀರು ಮನ್ಯಾಗೂ ಸಿಗತೈತಿ, ಗೀಜರ್ ಐತಿ, ಸೋಲಾರ್ ಐತಿ, ಏನೂ ಇಲ್ಲಂದ್ರ ಗ್ಯಾಸಿನ ಮ್ಯಾಲ ಒಂದು ಡಬರಿ ನೀರು. ಲಾಂಡ್ರಿಯವರದು ಬಿಸಿನೀರಿನ ಮಷಿನ್ ಇದ್ದ ಮಾತ್ರಕ್ಕ ಎಲ್ಲಾ ಲೋಡೂ ಬಿಸಿನೀರಾಗ ಹಾಕ್ತಾರ ಅಂತಿಲ್ಲ, ಬಣ್ಣ ಬಿಡ್ತೈತಿ ಅಂತ ಬಹಳಷ್ಟು ಅರಬಿ ತಣ್ಣೀರಾಗ ಒಗೀತಾರ. ಇನ್ನ ನೀರು, ಪರಿಸರ ಅನ್ನೋ ಮಾತು. ಇಂಗ್ಲೆಂಡಿನ ಪರಿಸರ ಇಲಾಖೆಯವರು 2005ರಾಗ ಒಂದು ದೊಡ್ಡ ಲೆಕ್ಕ ಮಾಡಿದ್ರು, ಬಿಸಾಡೂ ಡೈಪರು, ಮನ್ಯಾಗ ಒಗಿಯೂ ಬಟ್ಟಿ ಡೈಪರು, ಲಾಂಡ್ರ್ಯಾಗ ಒಗಸೂ ಬಟ್ಟಿ ಡೈಪರು, ಈ ಮೂರರಾಗ ದೊಡ್ಡ ಫರಕು ಏನೂ ಕಾಣಲಿಲ್ಲ. 2008ರಾಗ ಮತ್ತ ನೋಡಿದ್ರು, ಆವಾಗ ಒಂದು ಸಂಗತಿ ಗೊತ್ತಾತು, ಮಷಿನ್ ತುಂಬ ಅರಬಿ ಹಾಕಿ ಒಗದು, ಹಗ್ಗದ ಮ್ಯಾಲ ಒಣಗಿಸಿ, ಅವನ್ನ ಎರಡನೇ ಕೂಸಿಗೂ ಬಳಸಿದ್ರ ಬಟ್ಟಿ ಡೈಪರಿಂದ ಆಗೂ ಕಾರ್ಬನ್ 40 ಪರ್ಸೆಂಟ್‌ನಷ್ಟು ಕಡಿಮಿ ಆಗ್ತೈತಿ ಅಂತ. ಡ್ರೈಯರ್‌ನಾಗ ಒಣಗಿಸಿದ್ರ ಲಾಭ ಎಲ್ಲಾ ಕರೆಂಟಿಗೆ ಹೋತು. ನಮ್ಮ ಹುಬ್ಬಳ್ಳಿ ಬಿಸಲಾಗ ಡ್ರೈಯರ್ ಯಾರಿಗೆ ಬೇಕ್ರಿ, ಮಳಿಗಾಲ ಬಿಟ್ರ ತೆಳ್ಳನ ಲಂಗೋಟಿ ಎರಡು ತಾಸಿನಾಗ ಗರಿಗರಿ ಆಗ್ತೈತಿ.

ಬಿಸಲಿನ ಬಗ್ಗೆ ಒಂದು ಮಾತು ಹೇಳದ ಮುಂದ ಹೋಗಾಕ ನನಗ ಆಗೂದಿಲ್ಲ. ಮೊಲಿಹಾಲು ಕುಡಿಯೂ ಕೂಸಿನ ಸಂಡಾಸದ ಹಳದಿ ಕಲಿ ಇರ್ತೈತಲ್ಲ, ಎಷ್ಟು ತಿಕ್ಕಿದ್ರೂ ಹೋಗಲಾರದ್ದು, ಅದನ್ನ ತೊಯ್ದ ಇದ್ದಾಗನ ಬಿಸಲಿಗೆ ಹಾಕ್ರಿ, ಸಂಜೀಗೆ ಮಾಯ ಆಗಿರ್ತೈತಿ. ಆ ಬಣ್ಣ ಪಿತ್ತದ್ದು, ಬಿಲಿರುಬಿನ್ ಮನಿತನದ್ದು, ಬೆಳಕು ಬಿದ್ರ ಒಡೀತೈತಿ. ಕಾಮಣಿ ಆದ ಕೂಸಿಗೆ ನೀಲಿ ಲೈಟಿನ ಕೆಳಗ ಮಲಗಸೂದೂ ಇದ ಕಾರಣಕ್ಕ. ಅದು ಮೊದಲ ಗೊತ್ತಾಗಿದ್ದು ಒಬ್ಬ ಸಿಸ್ಟರ್ ಕಣ್ಣಿಗೆ, 1956ರಾಗ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರ್ಯಾಗ ಸಿಸ್ಟರ್ ಜೀನ್ ವಾರ್ಡ್ ಅನ್ನೋರು ಕೂಸುಗಳನ್ನ ಅಂಗಳದ ಬಿಸಲಿಗೆ ಒಯ್ತಿದ್ರು, ಬಿಸಲು ಬಿದ್ದಲ್ಲಿ ಹಳದಿ ಕಡಿಮಿ ಆಗಿ ಅರಬಿ ಮುಚ್ಚಿದಲ್ಲಿ ಹಂಗ ಉಳಿದಿದ್ದನ್ನ ಡಾಕ್ಟರಿಗೆ ತೋರಿಸಿದ್ರು. ಲಂಗೋಟಿ ಒಣಾ ಹಾಕೂವಾಗೆಲ್ಲ ನನಗ ಆ ತಾಯಿ ನೆನಪಾಗ್ತಾರ.

ಲಾಂಡ್ರಿ ಮ್ಯಾಲ ನನಗ ಯಾಕ ಇಷ್ಟು ಹುಷಾರಿ ಅಂದ್ರ ಒಂದು ಅನುಭವ ಐತಿ. ಭಾಳ ವರ್ಷದ ಹಿಂದ ನಾನಿದ್ದ ಒಂದು ವಾರ್ಡಿನಾಗ ಕೂಸುಗಳ ಅರಬಿ ಒಗಿಯೂದನ್ನ ಹೊರಗಿನ ಒಬ್ಬರಿಗೆ ಕೊಟ್ಟಿದ್ರು. ಮೊದಲ ವಾರ ನಮಗೆಲ್ಲ ಖುಷಿ, ಅರಬಿ ಬೆಳ್ಳಗ, ಮಲ್ಲಿಗಿ ವಾಸನಿ, ಮುಟ್ಟಿದ್ರ ಬೆಣ್ಣಿ ಮುಟ್ಟಿದಂಗ. ಎರಡನೇ ವಾರಕ್ಕ ಕೂಸುಗಳ ತೊಡಿ ಕೆಂಪಗಾಗಾಕ ಹತ್ತಿದ್ವು, ಉಚ್ಚಿ ಮಾಡಿದ್ರ ಲಂಗೋಟಿ ಹೀರಲಿಲ್ಲ, ಬದಿಯಿಂದ ಹರದು ಹಾಸಿಗಿ ತೊಯ್ತಿತ್ತು. ಒಂದು ರಾತ್ರಿ ಡ್ಯೂಟ್ಯಾಗ ಒಣಗಿದ ಲಂಗೋಟಿ ಒಂದನ್ನ ಟೇಬಲ್ ಮ್ಯಾಲ ಹಾಸಿ ಡ್ರಾಪರ್‌ನಿಂದ ಎರಡು ಹನಿ ನೀರು ಬಿಟ್ಟೆ. ಹನಿ ಒಳಗ ಇಳೀಲಿಲ್ಲ, ತಾವರಿ ಎಲಿ ಮ್ಯಾಲ ಕುಂತಂಗ ಗುಂಡಗ ಕುಂತ್ವು. ಗಡಿಯಾರ ನೋಡಿಕೋತ ನಿಂತೆ, ಒಂದು ನಿಮಿಷ ಆದ್ರೂ ಹಂಗ ಇದ್ವು. ಕಡೀ ನೀರಿಗೆ ಅರಬಿ ಮೆತ್ತಗ ಮಾಡೂ ಫ್ಯಾಬ್ರಿಕ್ ಕಂಡೀಷನರ್ ಹಾಕ್ತಿದ್ರು, ಅದು ನೂಲಿನ ಮ್ಯಾಲ ಎಣ್ಣಿ ಪದರಿನಂಗ ಕುಂದರತೈತಿ, ಅರಬಿ ಮೆತ್ತಗ ಆಗ್ತೈತಿ, ಹೀರೂ ಗುಣ ಹೋಗ್ತೈತಿ. ನಿಲ್ಲಸ್ರಿ ಅಂತ ಹೇಳಿ, ಎಲ್ಲಾ ಅರಬಿ ಬಿಸಿನೀರಾಗ ಎರಡೆರಡು ಸಲ ಒಗಸಿದ ಮ್ಯಾಲ ಸರಿ ಹೋತು. ಅವರು ಕೆಟ್ಟದ್ದು ಮಾಡಬೇಕಂತ ಮಾಡಿದ್ದಲ್ಲ, ಗಿರಾಕಿಗೆ ವಾಸನಿ ಮೆತ್ತನ ಬೇಕು ಅಂತ ಎಲ್ಲಾರ ಅರಬಿಗೆ ಹಾಕೂ ಹಂಗ ಹಾಕಿದ್ರು. ಕೂಸಿನ ಅರಬಿ ಬ್ಯಾರೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಆ ಎರಡು ಹನಿ ಪರೀಕ್ಷಾ ನೀವೂ ಇವತ್ತ ಮಾಡ್ರಿ, ನಿಮ್ಮ ಮನ್ಯಾಗ ಒಗದ ಲಂಗೋಟಿ ಮ್ಯಾಲ. ಹನಿ ಬಿದ್ದ ಕೂಡಲೆ ಹೀರಬೇಕು. ಇನ್ನೊಂದು, ಒಗದು ಒಣಗಿಸಿದ ಲಂಗೋಟಿ ಒಂದನ್ನ ಸ್ವಚ್ಛ ಸ್ಟೀಲ್ ಪಾತೇಲಿಯೊಳಗ ಉಗುರು ಬೆಚ್ಚಗಿನ ನೀರಾಗ ಹಾಕಿ ಕೈಲೆ ಜೋರ ಕಲಸ್ರಿ. ಬುರುಗು ಬಂದ್ರ ಸಾಬೂನು ಒಳಗ ಉಳಿದೈತಿ ಅಂತ ಅರ್ಥ. ನಿಮ್ಮ ಕೂಸಿನ ರ‍್ಯಾಶ್‌ಗೆ ಇದ ಕಾರಣ ಇರಬಹುದು ಅಂತ ನನಗ ಬಲವಾದ ಸಂಶೆ, ಯಾಕಂದ್ರ ನೀವು ಬೋರಿನ ನೀರು ಬಳಸ್ತೀರಿ. ಸವಳ ನೀರಾಗ ಕ್ಯಾಲ್ಸಿಯಂ ಮೆಗ್ನೀಸಿಯಂ ಜಾಸ್ತಿ, ಬಾರ್ ಸಾಬೂನು ತಿಕ್ಕಿದ್ರ ಬುರುಗು ಬರೂದಿಲ್ಲ, ಜಿಡ್ಡಿನಂಥ ಬಿಳಿ ಗಸಿ ಆಗಿ ಅರಬ್ಯಾಗ ಕುಂದರತೈತಿ, ಒಣಗಿದ ಮ್ಯಾಲ ಲಂಗೋಟಿ ಹಪ್ಪಳದಂಗ ಬಿರುಸು. ಆವಾಗ ನಾವು ಏನು ಮಾಡ್ತೀವಿ, ಸ್ವಚ್ಛ ಆಗಿಲ್ಲ ಅಂತ ಇನ್ನಷ್ಟು ಸಾಬೂನು ತಿಕ್ಕತೀವಿ, ಗಸಿ ಇನ್ನಷ್ಟು.

ಅದಕ್ಕ ನೀರು ಹಂಚಿಕೊಳ್ರಿ. ನಮ್ಮ ಹುಬ್ಬಳ್ಳಿ ಧಾರವಾಡದ ನಳಕ್ಕ ಬರೂದು ಸವದತ್ತಿ ಕಡೆ ಮಲಪ್ರಭಾದ ನೀರು, ಹುಬ್ಬಳ್ಳಿಗೆ ಕಲಘಟಗಿ ಕಡೆ ನೀರಸಾಗರದ್ದೂ ಇತ್ತು, ಬೋರಿನಕಿಂತ ಎಷ್ಟೋ ಮೆತ್ತನ ನೀರು. 2008ರಿಂದ ಕೆಲವು ವಾರ್ಡಿಗೆ 24 ತಾಸು ನಳ ಬಂತು, ನಿಮ್ಮ ಓಣಿಗೆ ಇನ್ನೂ ಬಂದಿಲ್ಲ ಅಂದ್ರ ಇದ್ದದ್ದನ್ನ ಜೋಪಾನ ಮಾಡಬೇಕು. ಸಂಡಾಸ ತೊಳಿಯಾಕ, ಮೊದಲ ಜಾಲಿಸಾಕ ಬೋರಿನ ನೀರು ನಡೀತೈತಿ. ಒಗಿಯೂ ನೀರು ಮತ್ತ ಕಡೀ ಜಾಲಿಸೂ ನೀರು ಮಾತ್ರ ನಳದ್ದು ಇರಲಿ. ಬಾರ್ ಸಾಬೂನು ಬಿಟ್ಟು ವಾಸನಿ ಕಡಿಮಿ ಇರೂ ಪುಡಿ ಇಲ್ಲಾ ಲಿಕ್ವಿಡ್ ಡಿಟರ್ಜೆಂಟ್ ಹಾಕ್ರಿ. ಬೋರಿನ ನೀರಾಗ ಒಗಿಯೂದ ಆದ್ರ ಬಕೀಟಿಗೆ ಒಂದು ಚಮಚ ವಾಶಿಂಗ್ ಸೋಡಾ ಮೊದಲ ಕರಗಿಸಿ ಆಮ್ಯಾಲ ಡಿಟರ್ಜೆಂಟ್ ಹಾಕ್ರಿ, ಸೋಡಾ ಆ ಸವಳನ್ನ ಹಿಡಿದು ಕೂಡಸ್ತೈತಿ, ಆದ್ರ ಸೋಡಾ ಹಾಕಿದ ಮ್ಯಾಲ ಒಂದು ಸಲ ಜಾಸ್ತಿ ಜಾಲಿಸಬೇಕು, ಅದು ಉಳಿದ್ರ ಚರ್ಮ ಉರಿತೈತಿ.

ಒಗಿಯೂ ರೀತಿ ಹೇಳ್ತೀನಿ, ದಿನದ ಹತ್ತು ಲಂಗೋಟಿಗೆ ನನ್ನ ಕೈ ಲೆಕ್ಕದಾಗ 15 ಲೀಟರಿನ ಮೂರು ಬಕೀಟು ಸಾಕು. ಸಂಡಾಸ ಮಾಡಿದ ಕೂಡಲೆ ಲಂಗೋಟಿ ಪಾಯಖಾನಿಗೆ ಒಯ್ದು ತಣ್ಣೀರಾಗ ತೊಳೀರಿ, ಬಚ್ಚಲದ ಮೋರಿಗೆ ಬಿಡಬ್ಯಾಡ್ರಿ. ಮೊಲಿಹಾಲಿನ ಕೂಸಿನ ಸಂಡಾಸ ಹೊಲಸಲ್ಲ ಅಂತ ನಮ್ಮಲ್ಲಿ ಒಂದು ನಂಬಿಕಿ ಐತಿ, ಅದು ಖರೆ ಅಲ್ರಿ, ದೊಡ್ಡವರದ್ರಾಗ ಇರೂ ಹಂಗ ಅದರಾಗೂ ರೋಗಾಣು ಇರಬಹುದು. ನಿಮ್ಮ ಕೂಸಿಗೆ 6, 10, 14 ವಾರದ ಲಸಿಕಿ ಈಗ ನಡದಿರ್ತಾವು, ಪೋಲಿಯೋ ಹನಿ ರೋಟಾ ಹನಿ ಹಾಕಿಸಿದ ಮ್ಯಾಲ ಕೆಲವು ದಿನ ಆ ಲಸಿಕಿ ವೈರಸ್ ಸಂಡಾಸದಾಗ ಹೊರಗ ಬರ್ತೈತಿ, ಹೆದರೂ ಮಾತಿಲ್ಲ, ಆದ್ರ ಲಂಗೋಟಿ ಮುಟ್ಟಿದ ಮ್ಯಾಲ ಸಾಬೂನು ಹಚ್ಚಿ ಕೈ ತೊಳಿಯೂದು ತಪ್ಪಬಾರದು. ಮೊದಲ ನೀರು ತಣ್ಣಂದ ಇರಬೇಕು, ಬಿಸಿನೀರು ಹಾಕಿದ್ರ ಕಲಿ ಬೇಯ್ದು ಕುಂತುಬಿಡ್ತೈತಿ. ಉಚ್ಚಿ ಲಂಗೋಟೀನೂ ಒಮ್ಮೆ ನೀರಾಗ ಅದ್ದಿ ಹಿಂಡಿ ಇಡ್ರಿ. ಮುಚ್ಚಳ ಬಿಗಿ ಹಾಕಿದ ಬಕೀಟಿನಾಗ ನೀರು ತುಂಬಿ ನೆನಿ ಹಾಕಬ್ಯಾಡ್ರಿ, ತೂತಿನ ಬುಟ್ಟ್ಯಾಗ ಗಾಳ್ಯಾಡೂ ಹಂಗ ಇಡ್ರಿ. ಮರುದಿನ ಮುಂಜಾನೆ ಎಲ್ಲಾ ಕೂಡಿ ಬಕೀಟಿಗೆ ಹಾಕಿ, ಬಿಸಿನೀರು ಡಿಟರ್ಜೆಂಟ್ ಹಾಕಿ ಕಟಗೀಲೆ ತಿರುವಿ ಅರ್ಧ ತಾಸು ಬಿಡ್ರಿ, ಕೈ ಹಾಕಬ್ಯಾಡ್ರಿ ಸುಡ್ತೈತಿ. ಆಮ್ಯಾಲ ತಿಕ್ಕಿ, ಅರ್ಧರ್ಧ ಬಕೀಟು ನೀರಾಗ ಮೂರು ಸಲ ಜಾಲಿಸ್ರಿ, ಕಡೀ ನೀರು ಕುಡಿಯೂ ನೀರಿನಂಗ ತಿಳಿ ಕಾಣಬೇಕು. ಆ ಕಡೀ ನೀರು ಚೆಲ್ಲಬ್ಯಾಡ್ರಿ, ಮರುದಿನದ ಮೊದಲ ತೊಳಿಯಾಕ ಆಗ್ತೈತಿ.

ಮಷಿನ್ ಐತಿ ಅಂದ್ರ ಇನ್ನೂ ಸುಲಭ, ಮೊದಲ ತಣ್ಣೀರಿಂದು ಒಂದು ಸಣ್ಣ ಸೈಕಲ್, ಆಮ್ಯಾಲ ಬಿಸಿನೀರಿಂದು, ಕಡೀಗೆ ಒಂದು ಎಕ್ಸ್‌ಟ್ರಾ ರಿನ್ಸ್. ಟಾಪ್ ಲೋಡ್ ಒಂದು ಸಲಕ್ಕ ನೂರು ಲೀಟರ್ ಮ್ಯಾಲ ಕುಡೀತೈತಿ, ಹಂಗಾಗಿ ಎರಡು ದಿನದ್ದು ಕೂಡಿಸಿ ಹಾಕ್ರಿ, ಎರಡು ದಿನದಕಿಂತ ಜಾಸ್ತಿ ಇಡಬ್ಯಾಡ್ರಿ.

ಪಾಕೆಟ್ ಡೈಪರ್ ಕವರಿಗೆ ಕುದಿಯೂ ನೀರು ಹಾಕಬಾರದು, ಇಸ್ತ್ರಿ ಮಾಡಬಾರದು. ಅದರ ಒಳಗ ನೀರು ತಡಿಯಾಕ ಪಾಲಿಯುರೆಥೇನ್ ಪದರ ಹಚ್ಚಿರ್ತಾರ, ಅದು ಬಿಟ್ಟು ಬರ್ತೈತಿ, ಇಲಾಸ್ಟಿಕ್ಕೂ ಸಡ್ಲ ಆಗ್ತೈತಿ. ಇನ್ಸರ್ಟ್, ಅಂದ್ರ ಒಳಗಿನ ಹೀರೂ ಪಟ್ಟಿ, ತಗದು ಬ್ಯಾರೆ ಒಗೀರಿ, ಮೈಕ್ರೋಫೈಬರ್ ಇನ್ಸರ್ಟ್ ಪಾಕೆಟ್ ಒಳಗ ಇರಬೇಕು, ಕೂಸಿನ ಚರ್ಮಕ್ಕ ನೇರ ಹತ್ತಬಾರದು.

ಬ್ಲೀಚ್ ಬಗ್ಗೆ ಒಂದ ಮಾತು, ಉಚ್ಚಿ ಅರಬಿ ಇರೂ ಬಕೀಟಿಗೆ ನೇರ ಬ್ಲೀಚ್ ಸುರೀಬ್ಯಾಡ್ರಿ. ಅಮೋನಿಯಾ ಕೂಡ ಕ್ಲೋರಿನ್ ಕೂಡಿದ್ರ ವಿಷದ ಗಾಳಿ ಏಳತೈತಿ, ಬಚ್ಚಲ ಮುಚ್ಚಿದ್ರ ಉಸಿರು ಕಟ್ಟತೈತಿ. ವಿನೆಗರ್ ಕೂಡನೂ ಹಂಗ. ಆಂಟಿಸೆಪ್ಟಿಕ್ ಲಿಕ್ವಿಡ್ ದಿನಾ ಹಾಕೂದೂ ಬೇಕಾಗಿಲ್ಲ, ಬಿಸಿನೀರು ಡಿಟರ್ಜೆಂಟ್ ಬಿಸಲು ಇಷ್ಟ ಸಾಕು, ಆ ಲಿಕ್ವಿಡ್ ಉಳಿದ್ರ ಅದ ಚರ್ಮಕ್ಕ ಉರಿ.

ಈಗ ನೀವು ಕೇಳಲಾರದ ಒಂದು ಮಾತು, ಆದ್ರ ನಿಮ್ಮ ಪತ್ರದಾಗ ನನ್ನ ಎದಿ ಝಲ್ ಅಂದಿದ್ದು ಅಲ್ಲೇ. ಅತ್ತಿಯವರು ಟ್ರಂಕಿನಾಗಿನ ಹಳೆ ಧೋತರ ತಗದ್ರು ಅಂದ್ರಲ್ಲ, ಆ ಟ್ರಂಕಿನಾಗ ಡಾಂಬರ ಗುಳಿಗಿ ಇತ್ತೇನು ಕೇಳ್ರಿ. ಹಳೆ ಧೋತರದಷ್ಟು ಮೆತ್ತನ ಅರಬಿ ಕೂಸಿಗೆ ಇನ್ನೊಂದಿಲ್ಲ, ಅತ್ತಿಯವರು ಭಾಳ ಛಲೋ ಕೆಲಸ ಮಾಡ್ಯಾರ. ಆದ್ರ ಡಾಂಬರ ಗುಳಿಗಿ ಅಂದ್ರ ನ್ಯಾಫ್ತಲೀನ್, ಅದರ ಆವಿ ಅರಬ್ಯಾಗ ಕುಂತಿರ್ತೈತಿ, ಕೂಸಿನ ಚರ್ಮದಿಂದ ಮೂಗಿನಿಂದ ಒಳಗ ಹೋಗ್ತೈತಿ. ಕೆಲವು ಕೂಸುಗಳಿಗೆ ಹುಟ್ಟಿನಿಂದ ಜಿ6ಪಿಡಿ ಅನ್ನೋ ಎಂಜೈಮ್ ಕಡಿಮಿ ಇರ್ತೈತಿ, ಗಂಡು ಕೂಸುಗಳಾಗ ಜಾಸ್ತಿ ಕಾಣತೈತಿ, ನಮ್ಮಲ್ಲಿ ಎಲ್ಲಾ ಕೂಸಿಗೂ ಆ ಟೆಸ್ಟ್ ಮಾಡೂದಿಲ್ಲ. ಅಂಥ ಕೂಸಿಗೆ ನ್ಯಾಫ್ತಲೀನ್ ಹತ್ತಿದ್ರ ಕೆಂಪು ರಕ್ತಕಣ ಒಡದು ಕಾಮಣಿ ಏರತೈತಿ, ಹುಟ್ಟಿದ ಹೊಸದ್ರಾಗ ಆದ್ರ ಮಿದುಳಿಗೂ ಪೆಟ್ಟು. ಕೂಸಿನ ಕಣ್ಣು ಹಳದಿ, ಮುಖ ಬಿಳಿಚು, ಉಚ್ಚಿ ಕರೀ ಚಹಾದ ಬಣ್ಣ ಕಂಡ್ರ ಒಂದು ತಾಸೂ ಕಾಯಬಾರದು, ಆಸ್ಪತ್ರಿಗೆ ಓಡಬೇಕು. ನಿಮ್ಮ ಲಂಗೋಟಿಗೆ ಆ ವಾಸನಿ ಸ್ವಲ್ಪ ಇದ್ರೂ ಅವನ್ನ ಬಳಸೂದು ನಿಲ್ಲಸ್ರಿ, ಟ್ರಂಕಿನಾಗ ಇಡಲಾರದ, ದಿನಾ ಉಟ್ಟು ಒಗದ ಹಳೆ ಕಾಟನ್ ಸೀರಿ ಇಲ್ಲಾ ಧೋತರದಾಗ ಹೊಸದು ಮಾಡ್ರಿ. ಅತ್ತಿಯವರಿಗೆ ಇದನ್ನ ಸಮಾಧಾನದಿಂದ ಹೇಳ್ರಿ, ಅವರ ಕಾಲದಾಗ ಇದನ್ನ ಯಾರೂ ಹೇಳಿರೂದಿಲ್ಲ.

ಕೂಸಿನ ಅರಬಿ ಹೊರಗ ಕಳಸಬಾರದು ಅನ್ನೋ ಅತ್ತಿಯವರ ಮಾತನ್ನೂ ನಾನು ತಗದು ಹಾಕೂದಿಲ್ಲ. ಹಿಂದ ಬಾಣಂತನಕ್ಕ ಅಗಸರ ಅಕ್ಕ ಮನಿಗೇ ಬಂದು ಒಗದು ಕೊಡ್ತಿದ್ಲು, ಯಾರ ಕೈಯಾಗ ಏನು ನಡದೈತಿ ಅನ್ನೂದು ಕಣ್ಣಿಗೆ ಕಾಣತಿತ್ತು. ಅರಬಿ ಗುರ್ತಿಗೆ ಹಾಕೂ ಮಸೀನೂ ಒಂದು ವಿಷಯ ಐತಿ. ಹಳೇ ಪದ್ಧತ್ಯಾಗ ಅಗಸರು ಕೇರು ಬೀಜದ ರಸದಾಗ ಗುರ್ತು ಹಾಕ್ತಿದ್ರು, ವೈದ್ಯರು ಭಲ್ಲಾತಕ ಅಂತಾರಲ್ಲ ಅದು, ಒಗದ್ರೂ ಹೋಗೂದಿಲ್ಲ, ಚರ್ಮಕ್ಕ ಹತ್ತಿದ್ರ ಬೊಕ್ಕಿ ಏಳತಾವು. ಎರಡನೇ ಮಹಾಯುದ್ಧದಾಗ ಭಾರತಕ್ಕ ಬಂದಿದ್ದ ಅಮೆರಿಕದ ಸೈನಿಕರಿಗೆ ಅಂಗಿ ಗುರ್ತು ಇದ್ದಲ್ಲೇ ಗುಳ್ಳಿ ಎದ್ದು, 1943ರಾಗ ಅದನ್ನ ಡಾಕ್ಟರುಗಳು ಬರದಿಟ್ಟಾರ. ಇಂಗ್ಲೆಂಡಿನಾಗ 1886ರಷ್ಟು ಹಿಂದನ ಅನಿಲಿನ್ ಮಸಿಯ ಹೊಸ ಗುರ್ತಿನ ಲಂಗೋಟಿ ಹಾಕಿದ ಎಳೆ ಕೂಸುಗಳ ಮೈ ನೀಲಿಗಟ್ಟಿತ್ತು. ಇನ್ನೊಂದು ಕೇಳ್ರಿ, 1967ರಾಗ ಅಮೆರಿಕಾದ ಸೇಂಟ್ ಲೂಯಿಸ್‌ನ ಒಂದು ಆಸ್ಪತ್ರ್ಯಾಗ ಲಾಂಡ್ರಿಯವರು ಕಡೀ ನೀರಿಗೆ ಪೆಂಟಾಕ್ಲೋರೋಫಿನಾಲ್ ಅನ್ನೋ ಬೂಸ್ಟು ತಡಿಯೂ ವಿಷ ಇರೂ ಪುಡಿ ಹಾಕಿದ್ರು, ಅದು ಕೂಸುಗಳ ಚರ್ಮದಿಂದ ಒಳಗಿಳಿದು ಮೈತುಂಬ ಬೆವರು, ಉಸಿರು ಜೋರು, ಎರಡು ಕೂಸು ತೀರಿಕೊಂಡ್ವು. ಹೆದರಸಾಕ ಹೇಳ್ತಿಲ್ರಿ. ಕಡೀ ನೀರಾಗ ಏನು ಬಿದ್ದೈತಿ ಅನ್ನೂದು ಕೂಸಿನ ಅರಬಿಗೆ ಎಷ್ಟು ಮುಖ್ಯ ಅಂತ ನಮಗ ವಾರ್ಡಿನಾಗ ಇಂಥವನ್ನ ಹೇಳಿ ಕಲಸ್ತಿದ್ರು.

ಡ್ಯೂಟಿ ಶುರು ಆದ ಮ್ಯಾಲ ಖರೇನ ಮನ್ಯಾಗ ಒಗಿಯಾಕ ಯಾರೂ ಇಲ್ಲದಂಗ ಆತು ಅಂದ್ರ, ಲಾಂಡ್ರಿಗೆ ಕೊಡೂಕಿಂತ ಮೊದಲ ನೀವ ಒಮ್ಮೆ ಅಲ್ಲಿಗೆ ಹೋಗ್ರಿ, ಕೌಂಟರಿನಾಗ ನಿಲ್ಲಬ್ಯಾಡ್ರಿ, ಒಗಿಯೂ ಜಾಗ ನೋಡ್ರಿ. ಕೂಸಿನ ಅರಬಿ ಬ್ಯಾರೆ ಲೋಡ್ ಹಾಕ್ತಾರೋ ಇಲ್ಲೋ, ನೀರು ಎಲ್ಲೀದು, ಎಷ್ಟು ಸಲ ಜಾಲಿಸ್ತಾರ, ಒಣಗಸೂದು ಎಲ್ಲಿ, ಗುರ್ತು ಹೆಂಗ ಹಾಕ್ತಾರ ಕೇಳ್ರಿ. ಗಂಜಿ ಬ್ಯಾಡ, ನೀಲಿ ಬ್ಯಾಡ, ಕಂಡೀಷನರ್ ಬ್ಯಾಡ, ಸೆಂಟ್ ಬ್ಯಾಡ, ಗುರ್ತಿಗೆ ಅಂಚಿಗೊಂದು ಬಣ್ಣದ ದಾರ ನಾನ ಹೊಲದು ಕೊಡ್ತೀನಿ ಅಂತ ಚೀಟಿ ಬರದು ಕೊಡ್ರಿ. ಮೊದಲ ಸಲ ಆರ ಲಂಗೋಟಿ ಕೊಟ್ಟು, ಬಂದ ಮ್ಯಾಲ ಹನಿ ಪರೀಕ್ಷಾ, ಬುರುಗಿನ ಪರೀಕ್ಷಾ ಮಾಡ್ರಿ. ಕೂಸಿಗೆ ಭೇದಿ ಇದ್ದಾಗ ಮಾತ್ರ ಕೊಡಬ್ಯಾಡ್ರಿ, ಬ್ಯಾರೆಯವರ ಮನಿ ಕೂಸಿನ ಅರಬೀನೂ ಅದ ಮಷಿನ್‌ನಾಗ ಬೀಳತಾವು.

ಮಳಿಗಾಲಕ್ಕ ಒಂದು ಮಾತು. ನಮ್ಮ ಧಾರವಾಡದ ಜಿಟಿಜಿಟಿ ಮಳ್ಯಾಗ ಅರಬಿ ಒಣಗಲಿಲ್ಲ ಅಂತ ಅಗ್ಗಿಷ್ಟಿಗಿ ಮ್ಯಾಲ ಬಿದರಿನ ಬುಟ್ಟಿ ಬೋರಲ ಹಾಕಿ ಲಂಗೋಟಿ ಹಾಸಿ ಲೋಬಾನ ಹಾಕೂದು ಎಲ್ಲಾ ಮನ್ಯಾಗೂ ಇತ್ತು, ಆ ವಾಸನಿ ನನಗೂ ಪ್ರೀತಿನ, ಆದ್ರ ಕೂಸಿರೂ ಖೋಲ್ಯಾಗ ಹೊಗಿ ಬ್ಯಾಡ. ಫ್ಯಾನಿನ ಕೆಳಗ ಹಗ್ಗ ಕಟ್ಟಿ ಒಣಗಿಸಿ, ಕಾಟನ್ ಲಂಗೋಟಿಗೆ ಬಿಸಿ ಇಸ್ತ್ರಿ ಎಳೀರಿ, ತೇವಾನೂ ಹೋಗ್ತೈತಿ, ಕ್ರಿಮೀನೂ ಸಾಯ್ತಾವು. ಯಾವಾಗಲೂ ಝಾಡಿಸಿ ಹಾಕ್ರಿ, ಒಳಗ ಇರುವಿ ಕುಂತಿರ್ತಾವು. ಮಳ್ಯಾಗ ಮತ್ತ ರಾತ್ರಿ ಹೊತ್ತಿಗೆ ಒಂದೊಂದು ಬಿಸಾಡೂ ಡೈಪರ್ ಹಾಕಿದ್ರ ತಪ್ಪೇನಿಲ್ಲ, ಅದಕ್ಕ ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ.

ಅತ್ತಿಯವರ ಮೊಣಕಾಲಿಗೆ ಬರ್ತೀನಿ. ಒಗಿಯೂ ಕೆಲಸ ನಿಮ್ಮ ಮನಿಯವರು ಮಾಡ್ಲಿ. ದಿನಕ್ಕ ಇಪ್ಪತ್ತೈದು ನಿಮಿಷದ ಕೆಲಸ, ಮುಂಜಾನೆ ಆಫೀಸಿಗೆ ಹೋಗೂಕಿಂತ ಮೊದಲ ಆಗ್ತೈತಿ, ಬಚ್ಚಲದಾಗ ಒಂದು ಎತ್ತರದ ಸ್ಟೂಲ್ ಮ್ಯಾಲ ಬಕೀಟು ಇಟ್ಟುಕೊಂಡು ನಿಂತ ಒಗೀಬಹುದು. ಅಪ್ಪ ಆದವರು ಲಂಗೋಟಿ ಒಗದ್ರ ಕೂಸಿನ ಉಚ್ಚಿ ಬಣ್ಣ, ಸಂಡಾಸ ಎಷ್ಟು ಸಲ ಅನ್ನೂದೆಲ್ಲ ಅವರಿಗೂ ಗೊತ್ತಿರ್ತೈತಿ, ಡಾಕ್ಟರ್ ಕೇಳಿದಾಗ ನಮ್ಮ ವಾರ್ಡಿನಾಗ ಅಂಥ ಅಪ್ಪಂದ್ರು ಥಟ್ಟನ ಹೇಳ್ತಿದ್ರು. ಒಣಗಿದ್ದನ್ನ ಮಡಚೂ ಕೆಲಸ ಅತ್ತಿಯವರು ಕುರ್ಚಿ ಮ್ಯಾಲ ಕುಂತು ಮಾಡ್ಲಿ, ಮೊಮ್ಮಗನ ಅರಬಿ ತಮ್ಮ ಕೈಯಾಗ ಐತಿ ಅನ್ನೋ ಸಮಾಧಾನಾನೂ ಅವರಿಗೆ ಇರ್ತೈತಿ.

ಕಡೀಗೆ ಆ ರ‍್ಯಾಶ್. ಇವತ್ತ ಕೂಸಿನ ತೊಡಿ ಸಂದಿ ಬಿಡಿಸಿ ಬೆಳಕಿನಾಗ ನೋಡ್ರಿ. ಉಬ್ಬಿದ ಜಾಗ ಅಷ್ಟ ಕೆಂಪಾಗಿ ಸಂದಿ ಸ್ವಚ್ಛ ಇದ್ರ ಅದು ಉಚ್ಚಿ ಸಾಬೂನಿನ ಉರಿ, ದಿನಕ್ಕ ಎರಡು ಮೂರು ಸಲ ಅರ್ಧರ್ಧ ತಾಸು ಬರೀ ಮೈಲೆ ಗಾಳಿಗೆ ಬಿಡ್ರಿ, ಪೌಡರ್ ಬ್ಯಾಡ, ಝಿಂಕ್ ಕ್ರೀಮ್ ತೆಳ್ಳಗ ಹಚ್ಚಿ ಮ್ಯಾಲ ಹಳೆ ಕಾಟನ್ ತುಂಡು ಒಂದು ಇಡ್ರಿ, ಕ್ರೀಮ್ ಲಂಗೋಟಿಗೆ ಹತ್ತಿದ್ರ ಅದೂ ಹೀರೂದು ಬಿಡ್ತೈತಿ. ಜಾಲಿಸೂದು ಸರಿ ಮಾಡಿ ಮೂರು ದಿನದಾಗ ತಿಳಿ ಆಗಬೇಕು. ಸಂದಿಯೊಳಗೂ ಢಾಳ ಕೆಂಪು ಇದ್ದು, ಅದರ ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕಿ ಚೆಲ್ಲಿದಂಗ ಕಂಡ್ರ ಅದು ಫಂಗಸ್, ಎರಡು ವಾರ ಆಗೇತಿ ಅಂತೀರಿ, ಹಂಗಾಗಿ ಸಾಬೂನಿನ ಉರಿಯಿಂದ ಶುರು ಆಗಿದ್ರೂ ಈಗ ಅದೂ ಕೂಡಿರೂ ಸಾಧ್ಯತಾ ಜಾಸ್ತಿ. ಅದಕ್ಕ ಮಕ್ಕಳ ಡಾಕ್ಟರು ಕ್ರೀಮ್ ಬರದು ಕೊಡ್ತಾರ, ಮೆಡಿಕಲ್ ಅಂಗಡ್ಯಾಗ ಕೇಳಿ ಸ್ಟಿರಾಯ್ಡ್ ಇರೂ ಟ್ಯೂಬ್ ತರಬ್ಯಾಡ್ರಿ. ಕ್ರೀಮ್ ಹಚ್ಚೂ ಅಷ್ಟೂ ದಿನ ಕಾಟನ್ ಲಂಗೋಟಿ ಕುದಿಯೂ ನೀರಾಗ ಹತ್ತು ನಿಮಿಷ ಬಿಟ್ಟು ಒಗೀರಿ, ಪಾಕೆಟ್ ಡೈಪರ್ ಎತ್ತಿಡ್ರಿ. ಡಾಕ್ಟರ ಹತ್ರ ಹೋಗೂವಾಗ ಒಗದ ಲಂಗೋಟಿ ಒಂದನ್ನೂ ಬ್ಯಾಗಿನಾಗ ಹಾಕ್ಕೊಂಡು ಹೋಗ್ರಿ, ಟ್ರಂಕಿನ ಗುಳಿಗಿ ವಿಷಯಾನೂ ಮರೀದ ಹೇಳ್ರಿ.